ಏರ್ ಪಿಸ್ತೂಲಿನ ಸವೆತಕ್ಕೆ ಟಿಪ್ಪರ್ ಜಾಕ್ ಮದ್ದು: ನನ್ನ ಅನುಭವ

ನಮ್ಮ ಬಳ್ಳಾರಿ ಹುಡುಗರು ಪ್ರಾಕ್ಟೀಸ್ ಮಾಡುವ ಸ್ಪ್ರಿಂಗ್ ಪಿಸ್ತೂಲುಗಳಿಗೆ ಮೊದಲು ಮೂರ್ನಾಲ್ಕು ತಿಂಗಳಿಗೊಂದು ಪಿಸ್ಟನ್ ಸೀಲ್ ಬೇಕಾಗುತ್ತಿತ್ತು. ಈ ಪಿಸ್ತೂಲಿನಲ್ಲಿ ಸ್ಪ್ರಿಂಗು ಪಿಸ್ಟನ್ನನ್ನು ಟ್ಯೂಬಿನೊಳಗೆ ತಳ್ಳುತ್ತದೆ, ಒತ್ತಿದ ಗಾಳಿ ಪೆಲೆಟ್ಟನ್ನು, ಅಂದರೆ ಸಣ್ಣ ಗುಂಡನ್ನು, ಹಾರಿಸುತ್ತದೆ. ಗಾಳಿ ಸೋರದಂತೆ ತಡೆಯುವುದು ಪಿಸ್ಟನ್ ತುದಿಯ ಸೀಲು. ಲೆಕ್ಕ ಹಾಕಿದರೆ ಹತ್ತು ಸಾವಿರ ಪೆಲೆಟ್ ಆಸುಪಾಸು, ಅಷ್ಟಕ್ಕೇ ಮುಗಿಯಿತು. ನಾನು ಕೈ ಹಾಕಿದ ಪಿಸ್ತೂಲುಗಳಲ್ಲಿ ಈಗ ಒಂದೇ ಸೀಲು ಎರಡು ವರ್ಷ ದಾಟಿ ಓಡುತ್ತಿದೆ. ಎಪ್ಪತ್ತು ಸಾವಿರ ಪೆಲೆಟ್ ಆಗಿರಬಹುದು. ಸ್ಪ್ರಿಂಗ್ ಕೂಡ ಮುರಿದಿಲ್ಲ. ಇದಾಗಲ್ಲ ಅಂದವರೆಲ್ಲ ಈಗ ತಮ್ಮ ಪಿಸ್ತೂಲನ್ನು ಬಟ್ಟೆಯಲ್ಲಿ ಸುತ್ತಿಕೊಂಡು ನನ್ನ ಅಂಗಡಿಗೇ ಬರುತ್ತಾರೆ. ಬರಲಿ, ಸಂತೋಷ.

ನನ್ನದು ಹೈಡ್ರಾಲಿಕ್ ಸಿಲಿಂಡರ್ ರಿಪೇರಿ. ಟಿಪ್ಪರ್ ಲಾರಿಯ ತೊಟ್ಟಿ ಎತ್ತುವ ಜಾಕು, ಜೆಸಿಬಿಯ ತೋಳು ಎತ್ತುವ ಬೂಮ್ ಸಿಲಿಂಡರು, ಇವೇ ನನಗೆ ಅನ್ನ ಹಾಕುವುದು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟು ಇಲ್ಲಿ ಗಣಿಗಾರಿಕೆ ನಿಲ್ಲಿಸಿತಲ್ಲ, ಆಗ ಟಿಪ್ಪರ್‌ಗಳು ಸಾಲಾಗಿ ನಿಂತವು, ನನ್ನ ಲೇತೂ ನಿಂತಿತು. ಆ ಖಾಲಿ ದಿನಗಳಲ್ಲಿ ಪರಿಚಯದ ಕೋಚ್ ಒಬ್ಬರು ಗಾಳಿ ಸೋರುವ ಪಿಸ್ತೂಲೊಂದನ್ನು ಕೊಟ್ಟು ನೋಡಪ್ಪ ಅಂದರು. ಅಲ್ಲಿಂದ ಹತ್ತಿದ ಚಟ.

ದೊಡ್ಡ ಊರಿನ ಡೀಲರ್ ಒಬ್ಬರಿಗೆ ಫೋನ್ ಮಾಡಿ ಕೇಳಿದೆ. ಒರಿಜಿನಲ್ ಸೀಲನ್ನೇ ತರಿಸಬೇಕು, ಲೋಕಲ್ ಹಾಕಿದರೆ ಪಿಸ್ತೂಲೇ ಹೋಗುತ್ತದೆ ಅಂದರು. ಹೊರದೇಶದ ಮಾಡೆಲ್ಲಾದರೆ ಸೀಲು, ಸ್ಪ್ರಿಂಗು, ಕೊರಿಯರ್ರು, ಸುಂಕ ಎಲ್ಲ ಸೇರಿ ನಾಲ್ಕು ಸಾವಿರದ ಹತ್ತಿರ. ಅದೂ ಬಂದಾಗ ಬಂತು. ಕೌಲ್ ಬಜಾರಿನ ನನ್ನ ಉಸ್ತಾದ್ ನಕ್ಕುಬಿಟ್ಟರು. "ಆಟದ ಬಂದೂಕಿಗೆ ಇಷ್ಟು ತಲೆ ಯಾಕೆ ಕೆಡಿಸ್ಕೊಂತೀಯೋ? ಹೊಸದು ತಗೊಳ್ಳಕ್ಕೆ ಹೇಳು." ಅವರ ಮಾತೇ ನನಗೆ ಹಟ ಹತ್ತಿಸಿದ್ದು.

ಶುರುವಿಗೆ ನಾನೂ ಎಲ್ಲರಂತೆ ಸೀಲಿನ ಹಿಂದೆಯೇ ಬಿದ್ದೆ. ನೈಟ್ರೈಲ್ ರಬ್ಬರಿನದು ಟ್ಯೂಬಿಗೆ ಅಂಟಿಕೊಂಡ ಹಾಗೆ ಎಳೆಯಿತು, ಸ್ಪೀಡೇ ಬರಲಿಲ್ಲ. ಟೆಫ್ಲಾನ್ ರಾಡು ಕಡೆದು ಹಾಕಿದೆ. ಒಂದು ವಾರ ಬೆಣ್ಣೆ ಥರ ಓಡಿತು. ಆಮೇಲೆ ಒತ್ತಡಕ್ಕೆ ಹರಡಿ ಆಕಾರ ಬಿಟ್ಟಿತು, ಸೀಲಿನ ತುಟಿ, ಅಂದರೆ ಟ್ಯೂಬಿಗೆ ತಾಗುವ ಅಂಚು, ಮತ್ತೆ ಟ್ಯೂಬಿಗೆ ಒತ್ತಿಕೊಳ್ಳಲೇ ಇಲ್ಲ. ಟೆಫ್ಲಾನಿನ ಗುಣವೇ ಅದು, ಜಾಕಿನಲ್ಲೂ ಬೆನ್ನಿಗೆ ಓ ರಿಂಗ್, ಅಂದರೆ ರಬ್ಬರ್ ಬಳೆ, ಇಲ್ಲದೆ ಅದು ನಿಲ್ಲುವುದಿಲ್ಲ. ಕೊನೆಗೆ ನಮ್ಮ ಅಂಗಡಿಯಲ್ಲೇ ಬಿದ್ದಿದ್ದ ಪಿಯು (ಪಾಲಿಯುರೆಥೇನ್) ರಾಡು ತಗೊಂಡೆ. ಗಡಸುತನ 95 ಶೋರ್, ಜಾಕಿಗೆ ನಾವು ದಿನಾ ಹಾಕುವುದೇ. ಅದೂ ಐದಾರು ತಿಂಗಳಿಗೇ ಹೋಯಿತು. ಅಷ್ಟರಲ್ಲಿ ಮಟೀರಿಯಲ್ಲಿಗೇ ಎರಡು ಸಾವಿರ ದಾಟಿ ಖರ್ಚಾಗಿತ್ತು. ಕೂಲಿ ಯಾರೂ ಕೊಟ್ಟಿರಲಿಲ್ಲ.

ದಾರಿ ತೋರಿಸಿದ್ದು ಸತ್ತ ಸೀಲುಗಳು. ನಾನು ಏನನ್ನೂ ಬಿಸಾಕುವವನಲ್ಲ. ತೆಗೆದ ಸೀಲುಗಳನ್ನು ಒಂದು ಡಬ್ಬಿಯಲ್ಲಿ ಹಾಕಿಟ್ಟಿದ್ದೆ. ಒಂದು ದಿನ ಸಾಲಾಗಿ ಜೋಡಿಸಿ ಭೂತಗನ್ನಡಿ ಹಿಡಿದು ನೋಡಿದರೆ, ಎಲ್ಲದರ ತುಟಿಯಲ್ಲೂ ಎರಡು ಸಣ್ಣ ಕಚ್ಚು. ಎರಡರ ನಡುವಿನ ಅಂತರವೂ ಒಂದೇ. ವರ್ನಿಯರ್ ಹಿಡಿದು ಅಳೆದೆ. ಸ್ಪ್ರಿಂಗ್ ಅಮುಕುವ ಕಾಕಿಂಗ್ ಲಿವರ್ ಓಡಾಡಲು ಟ್ಯೂಬಿನಲ್ಲಿ ಸೀಳಿದ ಸ್ಲಾಟ್ ಇದೆಯಲ್ಲ, ಸರಿಯಾಗಿ ಅದರ ಅಗಲ! ಅಂದರೆ ಸೀಲು ಸವೆದು ಸಾಯುತ್ತಿರಲಿಲ್ಲ. ಪಿಸ್ಟನ್ ಒಳಗೆ ತಳ್ಳುವಾಗಲೇ ಸ್ಲಾಟಿನ ಎರಡೂ ಅಂಚು ಅದನ್ನು ಕೊಯ್ಯುತ್ತಿದ್ದವು. ಹೊಸ ಸೀಲು ಮೊದಲ ಪೆಲೆಟ್ಟಿಗೇ ಗಾಯಾಳು. ಒಂದು ಉಂಡೆ ಹತ್ತಿಯನ್ನು ಕಡ್ಡಿಗೆ ಸುತ್ತಿ ಟ್ಯೂಬಿನೊಳಗೆ ಎಳೆದರೆ ಗೊತ್ತಾಗುತ್ತದೆ. ಬರ್, ಅಂದರೆ ಅಂಚಿನಲ್ಲಿ ಎದ್ದ ಚೂಪು, ಇದ್ದ ಕಡೆ ಹತ್ತಿ ಎಳೆ ಸಿಕ್ಕಿಕೊಳ್ಳುತ್ತದೆ. ನೀವೂ ಮಾಡಿ ನೋಡಿ, ಹೊಸ ಪಿಸ್ತೂಲಿನಲ್ಲೂ ಸಿಕ್ಕುತ್ತದೆ.

ಅಂಚನ್ನು ನೀಡಲ್ ಫೈಲಿನಿಂದ ಒಳಮುಖವಾಗಿ ದುಂಡಗೆ ಮಾಡಿ, 400, 800, 1200 ಎಮರಿ ಪೇಪರ್ ಹೊಡೆದೆ. ಸುಮ್ನೆ ಚಾಂಫರ್ ಹೊಡೆದರೆ, ಅಂದರೆ ಅಂಚನ್ನು ಓರೆಯಾಗಿ ಕೊಯ್ದರೆ, ಸಾಲದು. ಚಾಂಫರ್ ಮುಗಿಯುವಲ್ಲಿ ಮತ್ತೊಂದು ಗೆರೆ ಏಳುತ್ತದೆ, ಅದೂ ಹೋಗಬೇಕು. ಫೈಲಿಂಗ್ ಆದಮೇಲೆ ಟ್ಯೂಬನ್ನು ಸೀಮೆಎಣ್ಣೆಯಲ್ಲಿ ತೊಳೆದು, ಸೋಪು ನೀರಲ್ಲೂ ತೊಳೆಯಿರಿ. ಎಮರಿ ಪುಡಿ ಒಂದು ಕಾಳು ಉಳಿದರೂ ಮಾಡಿದ್ದೆಲ್ಲ ವ್ಯರ್ಥ.

ಸೀಲಿನ ಆಯುಷ್ಯ ಡಬಲ್ ಆಯಿತು. ಆದರೆ ಬಿಚ್ಚಿದಾಗಲೆಲ್ಲ ಟ್ಯೂಬಿನೊಳಗೆ ಬೂದು ಬಣ್ಣದ ಪೇಸ್ಟ್. ಬೆರಳಲ್ಲಿ ಉಜ್ಜಿದರೆ ನುಣುಪು, ಮ್ಯಾಗ್ನೆಟ್ಟಿಗೆ ಅಂಟುತ್ತದೆ. ಉಕ್ಕಿನ ಪುಡಿ. ಲಿವರ್ರು ಪಿಸ್ಟನ್ನನ್ನು ನೇರ ತಳ್ಳುವುದಿಲ್ಲ, ಓರೆಯಾಗಿ ಒತ್ತುತ್ತದೆ. ಪಿಸ್ಟನ್ನಿನ ಹಿಂಭಾಗ ಟ್ಯೂಬಿಗೆ ಉಜ್ಜಿ ಉಜ್ಜಿ ಪುಡಿ ಏಳುತ್ತದೆ, ಅದು ಮುಂದೆ ಹೋಗಿ ಸೀಲನ್ನು ತಿನ್ನುತ್ತದೆ.

ಇಲ್ಲಿ ನನ್ನ ಕಸುಬು ಕೆಲಸಕ್ಕೆ ಬಂತು. ಟಿಪ್ಪರ್ ಜಾಕಿನಲ್ಲಿ ಬರೀ ಸೀಲು ಹಾಕುವವನು ಮೆಕ್ಯಾನಿಕ್ಕೇ ಅಲ್ಲ. ಪಿಸ್ಟನ್ ಮೇಲೆ ಗೈಡ್ ರಿಂಗ್ ಇರಲೇಬೇಕು. ಪಕ್ಕದ ಭಾರವನ್ನು ಅದು ಹೊರುತ್ತದೆ, ಸೀಲು ಎಣ್ಣೆಯನ್ನಷ್ಟೇ ತಡೆಯುತ್ತದೆ. ಪಿಸ್ತೂಲಿನ ಪಿಸ್ಟನ್ನಿಗೆ ಗೈಡ್ ರಿಂಗ್ ಎಲ್ಲಿದೆ? ಉಕ್ಕಿಗೆ ಉಕ್ಕೇ ಗೈಡು. ರಿಂಗಿಗೆ ಗ್ರೂವ್ ಕೊರೆಯುವಷ್ಟು ದಪ್ಪ ಅದರ ಗೋಡೆಗಿಲ್ಲ. ಅದಕ್ಕೆ ಬಟನ್ ಕೂರಿಸಿದೆ. ಹಿಂಭಾಗದಲ್ಲಿ ಸುತ್ತ ಮೂರು ಕಡೆ 6 ಎಂಎಂ ತೂತು, ಒಳಗೆ ಪ್ಲಾಸ್ಟಿಕ್ ಬಟನ್ನು. ಬಟನ್ ಒಳಗಡೆ ಸ್ಪ್ರಿಂಗಿಗೆ ತಾಗಬಾರದು. ಹೊರಗಡೆ ಟ್ಯೂಬಿಗಿಂತ 0.05 ಎಂಎಂ ಸಡಿಲ ಇರಬೇಕು. ಪಿಸ್ಟನ್ನನ್ನು ಲೇತಿಗೆ ಕಟ್ಟಿ ಮೂರನ್ನೂ ಒಟ್ಟಿಗೇ ಕಡೆದರೆ ಮಾತ್ರ ಆ ಅಳತೆ ಸಿಗುತ್ತದೆ. ಒಂದೊಂದೇ ಉಜ್ಜಲು ಹೋಗಬೇಡಿ.

ಪಿಸ್ಟನ್ ಬಾಲ ಹದ ಹಾಕಿದ ಉಕ್ಕು. ಸಾದಾ ಡ್ರಿಲ್ ಬಿಟ್ ಹೊಗೆ ಬಿಟ್ಟು ಕೂತಿತು. ಕಾರ್ಬೈಡ್ ಬಿಟ್ ತಂದೆ, ಏಳುನೂರೋ ಎಂಟುನೂರೋ ಕೊಟ್ಟ ನೆನಪು. ಮೊದಲನೆಯದು ತೂತಿನಲ್ಲೇ ಮುರಿಯಿತು. ಆ ಪಿಸ್ಟನ್ನು ಇವತ್ತಿಗೂ ನನ್ನ ಟೇಬಲ್ ಮೇಲೆ ಪೆನ್ ಸ್ಟ್ಯಾಂಡು.

ಬಟನ್ನಿಗೆ ಮೊದಲು ನೈಲಾನ್ ಹಾಕಿದ್ದೆ. ಬೇಸಿಗೆಯಲ್ಲಿ ಅದ್ಭುತ. ಮಳೆಗಾಲ ಶುರುವಾದ ಮೇಲೆ ಮಕ್ಕಳು "ಅಂಕಲ್, ಲಿವರ್ ಬಿಗಿ ಆಗೇತಿ" ಅಂತ ತಂದರು. ನೈಲಾನ್ ತೇವ ಕುಡಿದು ಉಬ್ಬುತ್ತದೆ. ನಮ್ಮೂರಿನ ಮಳೆ ಎಷ್ಟು ಅಂತ ಎಲ್ಲರಿಗೂ ಗೊತ್ತು, ಅಷ್ಟಕ್ಕೇ ಉಬ್ಬಿತು ನೋಡಿ! ಡೆಲ್ರಿನ್ ಅನ್ನುವ ಇನ್ನೊಂದು ಗಟ್ಟಿ ಪ್ಲಾಸ್ಟಿಕ್ಕಿನ ರಾಡು ತರಿಸಿ ಎಲ್ಲ ಬದಲಿಸಿದೆ. ಒಂದು ಅಡಿ ರಾಡಿಗೆ ಇನ್ನೂರು ರೂಪಾಯಿ ಒಳಗೆ. ಬಟನ್ನಿಗಾದರೆ ಹಲವು ಪಿಸ್ತೂಲಿಗೆ ಬರುತ್ತದೆ. ಸ್ಪ್ರಿಂಗಿನ ಒಳಗೆ ಕೂರುವ ಗೈಡನ್ನೂ ಡೆಲ್ರಿನ್ನಿನಲ್ಲೇ ಕಡೆದೆ, ಬಿಗಿಯಾಗಿ. ಟಣ್ ಅನ್ನುವ ಸದ್ದು ಹೋಗಿ ಟಪ್ ಅಂತಷ್ಟೇ ಕೇಳಿಸಿತು. ಕೋಚ್ ಸಾಹೇಬರು ಪೆಲೆಟ್ ಹೋಯಿತೋ ಇಲ್ಲವೋ ಅಂತ ಟಾರ್ಗೆಟ್ ಹತ್ತಿರ ನಡೆದು ಹೋಗಿ ನೋಡಿ ಬಂದರು.

ಪಿಯು ಕಡೆಯುವುದು ಹೇಗೆ ಅಂತ ಎಲ್ಲರೂ ಕೇಳುತ್ತಾರೆ. ಟೂಲ್ ತಾಗಿದರೆ ಬಾಗುತ್ತದೆ, ಅಳತೆ ಕೊಡುವುದಿಲ್ಲ. ರಾಡಿನ ತುಂಡನ್ನು ರಾತ್ರಿಯಿಡೀ ಫ್ರೀಜರಿನಲ್ಲಿಡಿ. ಬೆಳಿಗ್ಗೆ ತೆಗೆದ ಕೂಡಲೇ ಚಕ್ಕಿಗೆ ಕಟ್ಟಿ, ಬ್ಲೇಡಿನಷ್ಟು ಚೂಪಾದ ಟೂಲಿನಲ್ಲಿ, ಸ್ಪೀಡ್ ಜಾಸ್ತಿ ಇಟ್ಟು ಕಡೆಯಿರಿ. ಹತ್ತು ನಿಮಿಷ ಸಿಗುತ್ತದೆ, ಅಷ್ಟೇ. ಐಸ್‌ಕ್ರೀಮ್ ಇಡುವ ಜಾಗದಲ್ಲಿ ಜಾಕಿನ ಸಾಮಾನು ಇಟ್ಟಿದ್ದಕ್ಕೆ ನಮ್ಮ ಮನೆಯವರ ಕೈಲಿ ಬೈಸಿಕೊಂಡೆ. ಈಗ ಅಂಗಡಿಗೇ ಒಂದು ಹಳೇ ಫ್ರಿಜ್ ತಂದಿಟ್ಟಿದ್ದೇನೆ. ತುಟಿಯ ಓರೆ ಎಷ್ಟು ಡಿಗ್ರಿ, ಒಳಗಿನ ಗುಳಿ ಎಷ್ಟು ಆಳ ಅಂತ ಮಾತ್ರ ಕೇಳಬೇಡಿ. ಅದಕ್ಕೆ ನಾನು ಸುರಿದ ದುಡ್ಡು ಇನ್ನೂ ವಾಪಸ್ ಬಂದಿಲ್ಲ.

ಅಳತೆಯ ವಿಷಯದಲ್ಲಿ ಒಂದು ಮಾತು ಬಿಟ್ಟುಕೊಡುತ್ತೇನೆ. ಉಕ್ಕಿಗಿಂತ ಪಿಯು ಬಿಸಿಗೆ ಬಹಳ ಜಾಸ್ತಿ ಹಿಗ್ಗುತ್ತದೆ. ಡಿಸೆಂಬರ್ ಬೆಳಿಗ್ಗೆಗೂ ಏಪ್ರಿಲ್ ಮಧ್ಯಾಹ್ನಕ್ಕೂ ಇಲ್ಲಿ 20, 25 ಡಿಗ್ರಿ ವ್ಯತ್ಯಾಸ. 25 ಎಂಎಂ ಸೀಲು ಅಷ್ಟಕ್ಕೆ ಹೆಚ್ಚೂಕಡಿಮೆ 0.1 ಎಂಎಂ ದಪ್ಪ ಆಗುತ್ತದೆ. ಚಳಿಗಾಲದಲ್ಲಿ ಬಿಗಿಯಾಗಿ ಕೂರಿಸಿದ ಸೀಲು ಬೇಸಿಗೆಯಲ್ಲಿ ಬ್ರೇಕ್ ಹಿಡಿದಂತೆ ಆಗುತ್ತದೆ. ಬೆಂಗಳೂರಿನ ಅಳತೆ ಇಲ್ಲಿ ನಡೆಯದಿರುವುದು ಅದಕ್ಕೇ.

ಸ್ಪ್ರಿಂಗಿನ ಕಥೆ ಬೇರೆ. ಕಂಪನಿಯವರು ಸ್ಪೀಡ್ ತೋರಿಸಲು ಬೇಕಾದ್ದಕ್ಕಿಂತ ಗಟ್ಟಿ ಸ್ಪ್ರಿಂಗ್ ಹಾಕಿರುತ್ತಾರೆ. ಹತ್ತು ಮೀಟರ್ ದೂರದ ಟಾರ್ಗೆಟ್ಟಿಗೆ ಅದು ಬೇಡವೇ ಬೇಡ. ಪಿಸ್ಟನ್ ಹೋಗಿ ಜೋರಾಗಿ ಹೊಡೆಯುತ್ತದೆ, ಸೀಲು, ಸ್ಕ್ರೂ, ಟ್ರಿಗರ್ ಎಳೆಯುವವರೆಗೆ ಪಿಸ್ಟನ್ನನ್ನು ಹಿಡಿದಿಡುವ ಸಿಯರ್ ಎಲ್ಲ ಅದರ ಪೆಟ್ಟು ತಿನ್ನುತ್ತವೆ. ನಾನು ಒಂದೂವರೆ ಸುತ್ತು ಕತ್ತರಿಸುತ್ತೇನೆ. ಎರಡೂವರೆ ಕತ್ತರಿಸಿದ್ದರಲ್ಲಿ ಪೆಲೆಟ್ಟು ಎಷ್ಟು ಕೆಳಗೆ ಬಿತ್ತೆಂದರೆ ಗುರಿ ನೋಡುವ ಸೈಟನ್ನು ಪೂರ್ತಿ ಏರಿಸಿದರೂ ಟಾರ್ಗೆಟ್ಟಿನ ನಡುವಿನ ಕಪ್ಪು ಮುಟ್ಟಲಿಲ್ಲ. ಕತ್ತರಿಸಿದ ತುದಿಯ ಒಂದೇ ಸುತ್ತನ್ನು ಕೆಂಪಗೆ ಕಾಯಿಸಿ ಒತ್ತಿ ಮುಚ್ಚಿ, ಗ್ರೈಂಡರಿನಲ್ಲಿ ಚಪ್ಪಟೆ ಮಾಡಿ, ಪಾಲಿಶ್ ಕೊಡಬೇಕು. ಸ್ಪ್ರಿಂಗ್ ಅಮುಕಿದಾಗ ತಿರುಚಿಕೊಳ್ಳುತ್ತದೆ, ಅದಕ್ಕೆ ಅಡಿಯಲ್ಲಿ ನುಣುಪಾದ ಎರಡು ತೆಳು ವಾಷರ್. ಸ್ಪೀಡು ಸೆಕೆಂಡಿಗೆ 125 ಮೀಟರಿನಿಂದ 112ರ ಹತ್ತಿರಕ್ಕೆ ಇಳಿಯಿತು. ಆದರೆ ಪೆಲೆಟ್ಟಿನಿಂದ ಪೆಲೆಟ್ಟಿಗೆ ಹನ್ನೆರಡು, ಹದಿನೈದು ಮೀಟರ್ ಇದ್ದ ಏರುಪೇರು ಮೂರ್ನಾಲ್ಕಕ್ಕೆ ಬಂತು. ಮರಳು ಚೀಲದ ಮೇಲಿಟ್ಟು ಹೊಡೆದರೆ ಐದು ಪೆಲೆಟ್ಟು ಹೆಚ್ಚುಕಮ್ಮಿ ಟಾರ್ಗೆಟ್ಟಿನ ಹತ್ತು ಅಂಕದ ರಿಂಗಿನಷ್ಟೇ ಜಾಗದಲ್ಲಿ. ಆ ರಿಂಗು ಇರುವುದೇ 11.5 ಎಂಎಂ.

ಎಣ್ಣೆ ಬಗ್ಗೆ ಹೇಳಲೇಬೇಕು. ಊರ ತುಂಬ ಜೀನ್ಸ್ ಯೂನಿಟ್. ಹೊಲಿಗೆ ಮಷಿನ್ನಿನ ಬಿಳಿ ಎಣ್ಣೆ ಎಲ್ಲರ ಮನೆಯಲ್ಲೂ ಇರುತ್ತದೆ. ಪಿಸ್ತೂಲು ಬಿಗಿ ಅನಿಸಿದರೆ ಎರಡು ಹನಿ ಬಿಡುವುದು ಎಲ್ಲರ ಚಟ. ಅದು ಗಾಳಿ ಒತ್ತುವ ಕಂಪ್ರೆಶನ್ ಚೇಂಬರಿಗೆ ಹೋದರೆ ಡೀಸೆಲ್ ಇಂಜಿನ್ ಥರ ಹೊತ್ತಿಕೊಳ್ಳುತ್ತದೆ. ಢಂ ಅನ್ನುತ್ತದೆ, ಬ್ಯಾರಲ್ಲಿನಿಂದ ಹೊಗೆ ಬರುತ್ತದೆ, ಹುಡುಗರಿಗೆ ಖುಷಿ. ಸೀಲಿನ ಮುಖ ಮಾತ್ರ ಸುಟ್ಟು ಕರಕಲು. ಉಕ್ಕು ಉಜ್ಜುವ ಕಡೆ ನಾನು ಮಾಲಿ (ಮಾಲಿಬ್ಡಿನಮ್) ಪೇಸ್ಟನ್ನು ತೆಳ್ಳಗೆ ಸವರಿ, ಅರ್ಧ ಒರೆಸಿಬಿಡುತ್ತೇನೆ. ಸೀಲಿನ ಮುಂದೆ ಏನೂ ಇಲ್ಲ. ಪೆಲೆಟ್ ಹಾಕದೆ ಟ್ರಿಗರ್ ಎಳೆಯುವವರ ಪಿಸ್ತೂಲನ್ನು ಮಾತ್ರ ಯಾರೂ ಉಳಿಸಲಾರರು.

ಒಂದು ಅಡ್ಡದಾರಿಯೂ ಹಿಡಿದಿದ್ದೆ. ಸೊಂಡೂರಿನ ಅದಿರು ಧೂಳು ನಮ್ಮ ಕಿಟಕಿ ಮೇಲೆ ಸುಮ್ನೆ ಬಂದು ಕೂರುತ್ತದೆ. ಅಕ್ಕಸಾಲಿಗರ ಕೆಂಪು ಪಾಲಿಶ್ ಪುಡಿಯೂ ಕಬ್ಬಿಣದ ಆಕ್ಸೈಡೇ ಅಲ್ವಾ? ಸಿಯರ್ ಪಾಲಿಶಿಗೆ ಯಾಕಾಗಬಾರದು ಅಂತ ಧೂಳನ್ನು ಬಕೆಟ್ ನೀರಿಗೆ ಕಲಸಿ, ಮೇಲಿನ ಕೆಂಪು ನೀರನ್ನಷ್ಟೇ ಬಗ್ಗಿಸಿ, ಒಣಗಿಸಿ, ಮತ್ತೆ ಕಲಸಿ ನೋಡಿದೆ. ಹಿತ್ತಾಳೆಗೆ ಒಳ್ಳೇ ಹೊಳಪು ಬಂತು. ಉಕ್ಕಿನ ಮೇಲೆ ಗೀರು ಬಿತ್ತು, ಅದಿರಿನ ಜೊತೆ ಬಿಳಿಕಲ್ಲಿನ ಕಣ ಉಳಿದೇ ಉಳಿಯುತ್ತದೆ. ಎಂಬತ್ತು ರೂಪಾಯಿಯ ಹಸಿರು ಪಾಲಿಶ್ ಗಟ್ಟಿ ತಂದೆ. ಸಿಯರಿಗೆ ಬರೀ ಹೊಳಪು ಕೊಡಿ, ಉಜ್ಜಬೇಡಿ. ಹದ ಇರುವುದು ಮೇಲಿನ ತೆಳು ಪದರದಲ್ಲಿ. ಅದು ಹೋದರೆ ಟ್ರಿಗರ್ ತೂಕ ದಿನೇ ದಿನೇ ಇಳಿದು, ಮ್ಯಾಚಿನ ದಿನ ತಪಾಸಣೆಯಲ್ಲಿ 500 ಗ್ರಾಂ ತೂಕದ ಕಲ್ಲು ಎತ್ತದೆ ಹೋಗುತ್ತದೆ.

ಅದೇ ಧೂಳು ಸಿಲಿಂಡರ್ ಪಿಸ್ತೂಲುಗಳ, ಅಂದರೆ ಸ್ಪ್ರಿಂಗ್ ಬದಲು ಸಿಲಿಂಡರಿನಲ್ಲಿ ಒತ್ತಿ ತುಂಬಿದ ಗಾಳಿಯಿಂದ ಹೊಡೆಯುವ ಪಿಸ್ತೂಲುಗಳ, ಶತ್ರು. 2024ರ ಪ್ಯಾರಿಸ್‌ನಲ್ಲಿ ಮನು ಭಾಕರ್ ಎರಡು ಕಂಚು ತಂದ ಮೇಲೆ ಎರಡು ಲಕ್ಷದ ಪಿಸ್ತೂಲು ಕೊಡಿಸುವ ಅಪ್ಪಂದಿರು ನಮ್ಮಲ್ಲೂ ಕಾಣುತ್ತಿದ್ದಾರೆ. ಅವುಗಳಲ್ಲಿ ನಾನು ಮಾಡುವುದು ಕಮ್ಮಿ. ಓ ರಿಂಗ್ ಬದಲಿಸುವುದು, ಅದು ದಾಟುವ ಅಂಚು ದುಂಡಗೆ ಮಾಡುವುದು, ಸಿಲಿಕೋನ್ ಗ್ರೀಸು. ಹ್ಯಾಂಡ್ ಪಂಪಿನ ಗಾಳಿ ಬಾಯಿಗೆ ತೇವ ಹೀರುವ ಸಿಲಿಕಾ ಜೆಲ್ ತುಂಬಿದ ಡಬ್ಬಿಯನ್ನೂ ಫೋಮ್ ಫಿಲ್ಟರನ್ನೂ ಕಟ್ಟಿಕೊಡುತ್ತೇನೆ, ನೂರೈವತ್ತು ರೂಪಾಯಿ ಕೆಲಸ. ವಾಲ್ವ್ ಸೋರುವುದು ಅರ್ಧ ಅಲ್ಲೇ ನಿಂತಿತು. ಬೇಸಿಗೆಯಲ್ಲಿ 200 ಬಾರ್ ಒತ್ತಡಕ್ಕೆ ಗಾಳಿ ತುಂಬಿ ಕಾರಿನಲ್ಲಿ ಬಿಡಬೇಡಿ, ಒಳಗೆ 60 ಡಿಗ್ರಿ ಆದರೆ ಅದು 220 ಆಗಿರುತ್ತದೆ. 160, 170 ಸಾಕು. ಸಿಲಿಂಡರನ್ನಂತೂ ನಾನು ಬಿಚ್ಚುವುದೇ ಇಲ್ಲ. ಹತ್ತು ವರ್ಷದ ಡೇಟ್ ಮುಗಿದಿದ್ದರೆ ತುಂಬಿಸುವುದೂ ಇಲ್ಲ.

ಪಾಯಿಂಟ್ ಟೂ ಟೂ (.22) ಬೋರಿನ ಪಿಸ್ತೂಲು ತರಬೇಡಿ. ಅದರ ರಿಪೇರಿಗೆ ಬೇರೆ ಲೈಸೆನ್ಸ್ ಬೇಕು, ನನ್ನ ಹತ್ತಿರ ಇಲ್ಲ. 4.5 ಎಂಎಂ ಏರ್ ಪಿಸ್ತೂಲಿನ ಮಾತು ಬೇರೆ. ಪೆಲೆಟ್ಟಿನ ಶಕ್ತಿ 20 ಜೂಲಿನೊಳಗಿರುವ ಆ ಬೋರಿನ ಏರ್ ಗನ್ ಇಟ್ಟುಕೊಳ್ಳಲು 2016ರ ಆರ್ಮ್ಸ್ ರೂಲ್ಸಿನಲ್ಲಿ ಲೈಸೆನ್ಸ್ ಕೇಳುವುದಿಲ್ಲ, ನಾನು ಸ್ಪ್ರಿಂಗ್ ಕತ್ತರಿಸಿದ ಪಿಸ್ತೂಲುಗಳು ನಾಲ್ಕನ್ನೂ ದಾಟುವುದಿಲ್ಲ.

ಅಂಚು, ಬಟನ್ನು, ಗೈಡು, ಸೀಲು, ಸ್ಪ್ರಿಂಗ್ ಪೂರ್ತಿ ಕೆಲಸಕ್ಕೆ ಮಟೀರಿಯಲ್ಲು ಮುನ್ನೂರರ ಒಳಗೆ, ನಾನು ತಗೊಳ್ಳುವುದು ಒಂದೂವರೆ ಸಾವಿರ. ಉಸ್ತಾದರ ಮೊಮ್ಮಗನದಕ್ಕೆ ಮಾತ್ರ ಪುಕ್ಕಟೆ ಮಾಡಿಕೊಟ್ಟೆ, ಪಿಸ್ತೂಲು ತಂದವರು ಅವರೇ. ಬೇಸಿಗೆ ಸೀಲು ಬೇಕಾದವರು ಯುಗಾದಿಗೆ ಮುಂಚೆ ಕೊಟ್ಟುಬಿಡಿ. ಆಮೇಲೆ ಟಿಪ್ಪರ್ ಕೆಲಸ ಜಾಸ್ತಿ, ಲೇತು ಸಿಗುವುದಿಲ್ಲ.