ಬೀಡಿ ಸೇದ್ತೀರಾ ಅಂದರು, ಏನು ಕೆಲಸ ಅಂತ ಕೇಳಲಿಲ್ಲ

ಕಲಬುರಗಿ ಹತ್ತಿರದ ಶಹಾಬಾದಿನಲ್ಲಿ, ನೆಲಕ್ಕೆ ಹಾಸುವ ಫರಸಿ ಕಲ್ಲಿನ ಪಾಲಿಶ್ ಮಷೀನ್ ಮೇಲೆ 19 ವರ್ಷ ದುಡಿದೆ. ಬಿಟ್ಟು 8 ವರ್ಷ ಆಯ್ತು. ಬಿಟ್ಟ ಮೇಲೆ ಧೂಳಿನ ಕಾಟ ಮುಗೀತು ಅಂದುಕೊಂಡಿದ್ದೆ. ಹಾಗಲ್ಲ. ನಮ್ಮದು ಸುಣ್ಣದ ಕಲ್ಲೇ, ಆದರೂ ಅದರಲ್ಲಿ ಸಿಲಿಕಾ, ಅಂದರೆ ಮರಳಿನಲ್ಲಿರುವ ಖನಿಜ ಇದೆ, ಒಳಗೆ ಹೋದ ಧೂಳು ಪುಪ್ಪುಸದಲ್ಲೇ ಕೂತು ಎಷ್ಟೋ ವರ್ಷದ ಮೇಲೆ ಸಿಲಿಕೋಸಿಸ್ ಅನ್ನೋ ಪುಪ್ಪುಸದ ಕಾಯಿಲೆ ಆಗಿ ಕಾಣಿಸಬಹುದು.

ಹೋದ ವರ್ಷ ನಾಲ್ಕು ಮೆಟ್ಟಿಲು ಹತ್ತಿದರೆ ಉಸಿರು ಸಾಲುತ್ತಿರಲಿಲ್ಲ. ಮೊದಲು ತೋರಿಸಿದ ಕಡೆ ಬೀಡಿ ಸೇದ್ತೀರಾ ಅಂತ ಕೇಳಿದರು, ಕೆಮ್ಮಿನ ಔಷಧಿ ಕೊಟ್ಟು ಕಳಿಸಿದರು. ಕೆಲಸದ ಮಾತೇ ಬರಲಿಲ್ಲ.

ಎರಡನೇ ಸಲ ಹೋಗುವ ಮುಂಚೆ ಮಗಳನ್ನು ಕೂರಿಸಿಕೊಂಡು ನೋಟ್‌ಬುಕ್ಕಿನ ಒಂದು ಹಾಳೆಯಲ್ಲಿ ಎಲ್ಲ ಬರೆಸಿದೆ. ಯಾವ ವರ್ಷದಿಂದ ಯಾವ ವರ್ಷ, ಕಟಿಂಗಾ ಪಾಲಿಶಾ, ನೀರು ಹಾಯಿಸಿ ಕೊಯ್ಯುತ್ತಿದ್ದೆವಾ ಒಣದ್ದಾ, ಮುಖಕ್ಕೆ ಏನು ಕಟ್ಟುತ್ತಿದ್ದೆ. ಟವೆಲ್, ಅಷ್ಟೇ. ಸಣ್ಣ ಧೂಳನ್ನು ಟವೆಲ್ ತಡೆಯಲ್ಲ. ಪ್ಯಾಸೆಂಜರ್ ಹತ್ತಿ ಕಲಬುರಗಿಗೆ ಹೋಗಿ ಆ ಹಾಳೆಯನ್ನು ಸರ್ಕಾರಿ ಡಾಕ್ಟರ ಕೈಗೆ ಕೊಟ್ಟೆ. ಅವರು ಎರಡು ಸಲ ಓದಿ, ಎದೆಯ ಎಕ್ಸ್‌ರೇ, ಕಫ ಪರೀಕ್ಷೆ, ಉಸಿರು ಊದುವ ಪರೀಕ್ಷೆ ಬರೆದರು. ನನ್ನಿಂದ ಒಂದು ಪೈಸೆ ತಗೊಳ್ಳಲಿಲ್ಲ.

ಊದೋದು ಸುಲಭ ಅಲ್ಲ. ಮೂಗಿಗೆ ಕ್ಲಿಪ್ ಹಾಕಿದರು. ಉಸಿರು ಪೂರ್ತಿ ಎಳೆದು ಒಂದೇ ಸಲ ಜೋರಾಗಿ ಊದಬೇಕು, ಖಾಲಿ ಆಯ್ತು ಅನಿಸಿದರೂ ನಿಲ್ಲಿಸಬಾರದು. "ಊದ್ರಿ ಕಾಕಾ, ಬಿಡಬ್ಯಾಡ್ರಿ, ಇನ್ನಾ ಊದ್ರಿ" ಅಂತ ಪರೀಕ್ಷೆ ಮಾಡುವ ಹುಡುಗಿ ಪಕ್ಕದಲ್ಲೇ ನಿಂತು ಕೂಗುತ್ತಿದ್ದಳು. ಮೂರು ಸಲ ಊದಿಸಿದಳು, ನನಗೆ ಕಣ್ಣು ಕತ್ತಲೆ ಬಂತು.

ಕಫದಲ್ಲಿ ಟಿಬಿ ಇರಲಿಲ್ಲ. ಎಕ್ಸ್‌ರೇಯಲ್ಲಿ ಪುಪ್ಪುಸದ ಮೇಲ್ಭಾಗದಲ್ಲಿ ಸಾಸಿವೆ ಚೆಲ್ಲಿದ ಹಾಗೆ ಚುಕ್ಕೆ. ಇದು ಸಿಲಿಕೋಸಿಸ್, ಇದನ್ನು ವಾಪಸ್ ಮಾಡುವ ಔಷಧಿ ಇಲ್ಲ ಅಂತ ಡಾಕ್ಟರು ನೇರವಾಗಿ ಹೇಳಿದರು. ಮತ್ತೆ ಯಾಕೆ ತೋರಿಸಬೇಕು ಅಂತ ಗೆಳೆಯರು ಕೇಳ್ತಾರೆ. ಸಿಲಿಕೋಸಿಸ್ ಇದ್ದವರಿಗೆ ಟಿಬಿ ಬೇಗ ಹತ್ತುತ್ತೆ, ಬೇಗ ಗೊತ್ತಾದರೆ ಅದು ವಾಸಿಯಾಗುತ್ತೆ, ಅದಕ್ಕೇ. ಇನ್ನೊಂದು, ನೌಕರರಿಗೆ ಪರಿಹಾರ ಕೊಡುವ ಕಾನೂನಿನಲ್ಲಿ ಸಿಲಿಕೋಸಿಸ್ ಕೆಲಸದಿಂದ ಬರುವ ಕಾಯಿಲೆ ಅಂತ ಪಟ್ಟಿಯಲ್ಲಿದೆ. ಆದರೆ ಸಣ್ಣ ಯುನಿಟ್‌ನಲ್ಲಿ ದುಡಿದ ನಮ್ಮಂಥವರ ಹೆಸರು ಯಾವ ಹಾಜರಿ ಪುಸ್ತಕದಲ್ಲೂ ಇಲ್ಲ. ಹಾಗಾಗಿ ಡಾಕ್ಟರ ಚೀಟಿಯಲ್ಲಿ "ಕಲ್ಲು ಪಾಲಿಶ್, 19 ವರ್ಷ" ಅಂತ ಬರೆಸಿಕೊಂಡೇ ಬಂದೆ. ನೀವೂ ಬರೆಸಿಕೊಳ್ಳಿ, ಎಕ್ಸ್‌ರೇ ಫಿಲ್ಮ್ ಬಿಸಾಡಬೇಡಿ.

ಈಗ ಜೊತೆಗೆ ದುಡಿದವರನ್ನು ಇಬ್ಬಿಬ್ಬರಾಗಿ ಕರೆದುಕೊಂಡು ಹೋಗ್ತಿದ್ದೇನೆ. ಹಾಳೆ ಬರೆಯೋದು ಚಹಾ ಅಂಗಡಿಯಲ್ಲಿ. ಒಬ್ಬ ಅಣ್ಣನಿಗೆ ಕೆಲಸಕ್ಕೆ ಸೇರಿದ ವರ್ಷವೇ ನೆನಪಾಗಲಿಲ್ಲ. ತುಂಬಾ ಹೊತ್ತು ಯೋಚಿಸಿ, "ಕಿಲ್ಲಾರಿ ಭೂಕಂಪ ಆದಾಗ ನಾನು ಮಷೀನ್ ಕೆಲಸದಾಗೇ ಇದ್ದೆ" ಅಂದ. ಆ ಭೂಕಂಪ 1993ರ ಸೆಪ್ಟೆಂಬರಿನದು, ಅದಕ್ಕೆ ಮೊದಲು ಸೇರಿದ್ದು ಅಂತ ಬರೆದೆ.