ಜನವರಿಯ ಜಲಪಕ್ಷಿ ಗಣತಿಗೆ ಮೊದಲ ಸಲ ಹೊರಡುವವರಿಗೆ

ಪ್ರತಿ ವರ್ಷ ಜನವರಿಯಲ್ಲಿ ನಮ್ಮ ಕೆರೆ, ಹಿನ್ನೀರು ಮತ್ತು ಅಳಿವೆಗಳಲ್ಲಿ ಏಷ್ಯನ್ ಜಲಪಕ್ಷಿ ಗಣತಿ ನಡೆಯುತ್ತದೆ. 1987ರಲ್ಲಿ ಭಾರತ ಉಪಖಂಡದಲ್ಲಿ ಆರಂಭವಾದ ಈ ಕೆಲಸವನ್ನು ಇಂದಿಗೂ ಬಹುಮಟ್ಟಿಗೆ ನಡೆಸುತ್ತಿರುವವರು ಹವ್ಯಾಸಿ ಪಕ್ಷಿವೀಕ್ಷಕರೇ. ಹತ್ತು ಹಕ್ಕಿಗಳ ಹೆಸರೂ ಸರಿಯಾಗಿ ತಿಳಿಯದ ತಾವು ಅಲ್ಲಿಗೆ ಹೋಗಿ ಮಾಡುವುದೇನು ಎಂಬ ಸಂಕೋಚದಿಂದ ಅನೇಕರು ಹಿಂದೆ ಸರಿಯುತ್ತಾರೆ. ಗಣತಿಯಲ್ಲಿ ಹಕ್ಕಿಯನ್ನು ಗುರುತಿಸುವವರು ಎಷ್ಟು ಬೇಕೋ, ತಾಳ್ಮೆಯಿಂದ ಎಣಿಸುವವರು ಮತ್ತು ಎಣಿಸಿದ್ದನ್ನು ತಪ್ಪಿಲ್ಲದೆ ಬರೆದುಕೊಳ್ಳುವವರು ಅಷ್ಟೇ ಬೇಕು. ಆ ಎರಡು ಕೆಲಸಗಳನ್ನು ಹೊಸಬರು ಮೊದಲ ದಿನವೇ ಚೆನ್ನಾಗಿ ಮಾಡಬಲ್ಲರು.

ಗಣತಿಗೆ ಸೇರಲು ಡಿಸೆಂಬರ್ ತಿಂಗಳಲ್ಲೇ ವಿಚಾರಿಸಬೇಕು. ನಿಮ್ಮ ಜಿಲ್ಲೆಯ ಪಕ್ಷಿವೀಕ್ಷಕರ ಬಳಗ, ಅರಣ್ಯ ಇಲಾಖೆಯ ವಲಯ ಕಚೇರಿ ಅಥವಾ ಹತ್ತಿರದ ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗ, ಈ ಮೂರರಲ್ಲಿ ಒಂದು ಕಡೆಯಾದರೂ ಸ್ಥಳೀಯ ಸಂಯೋಜಕರು ಯಾರೆಂಬುದು ತಿಳಿಯುತ್ತದೆ. ಯಾವ ಕೆರೆ, ಯಾವ ದಿನ, ಹಿಂದಿನ ವರ್ಷ ಅಲ್ಲಿ ಎಣಿಸಿದವರು ಯಾರು ಎಂದು ಕೇಳಿ, ಸಾಧ್ಯವಾದರೆ ಆ ಅನುಭವಿಗಳ ತಂಡಕ್ಕೇ ಸೇರಿಕೊಳ್ಳಿ. ಹೆಸರಾಂತ ಪಕ್ಷಿಧಾಮವೇ ಬೇಕೆಂದು ಹಟ ಹಿಡಿಯುವುದಕ್ಕಿಂತ, ಮುಂದಿನ ವರ್ಷಗಳಲ್ಲೂ ತಪ್ಪದೆ ಹೋಗಬಹುದಾದ ಊರಿನ ಕೆರೆಯನ್ನು ಆರಿಸಿಕೊಳ್ಳುವುದು ಮೇಲೆಂದು ನನ್ನ ಖಚಿತ ಅಭಿಪ್ರಾಯ. ಒಂದೇ ಕೆರೆಯನ್ನು ಒಂದೇ ಋತುವಿನಲ್ಲಿ, ಒಂದೇ ಕ್ರಮದಲ್ಲಿ ವರ್ಷ ವರ್ಷವೂ ಎಣಿಸಿದಾಗಲೇ ಹಕ್ಕಿಗಳು ಹೆಚ್ಚುತ್ತಿವೆಯೋ ಕಡಿಮೆಯಾಗುತ್ತಿವೆಯೋ ಎಂಬುದು ಗೊತ್ತಾಗುತ್ತದೆ.

ಈ ಅಂಕಿಗಳಿಗೆ ನಿಜವಾದ ಬೆಲೆಯಿದೆ. ಒಂದು ಜೌಗು ಪ್ರದೇಶದಲ್ಲಿ ನಿಯಮಿತವಾಗಿ 20,000 ಅಥವಾ ಅದಕ್ಕೂ ಹೆಚ್ಚು ಜಲಪಕ್ಷಿಗಳಿದ್ದರೆ, ಇಲ್ಲವೇ ಒಂದು ಪ್ರಭೇದದ ಒಟ್ಟು ಸಂಖ್ಯೆಯ ಶೇ 1ರಷ್ಟು ಅಲ್ಲಿಗೆ ಬರುತ್ತಿದ್ದರೆ, ಅದು ರಾಮ್ಸಾರ್ ತಾಣವೆಂಬ ಅಂತರರಾಷ್ಟ್ರೀಯ ಮಾನ್ಯತೆಗೆ ಅರ್ಹವಾಗಬಹುದು. ಎಣಿಸಿದವರಿಲ್ಲದೆ ಇದನ್ನು ತೋರಿಸಿಕೊಡಲು ಬೇರೆ ದಾರಿಯಿಲ್ಲ. ಗದಗ ಜಿಲ್ಲೆಯ ಮಾಗಡಿ ಕೆರೆ, ವಿಜಯನಗರ ಜಿಲ್ಲೆಯ ಅಂಕಸಮುದ್ರ ಮತ್ತು ಉತ್ತರ ಕನ್ನಡದ ಅಘನಾಶಿನಿ ಅಳಿವೆ 2024ರಲ್ಲಿ ಈ ಪಟ್ಟಿಗೆ ಸೇರಿದವು.

ಗಣತಿಗೆ ಮೊದಲು ಒಮ್ಮೆಯಾದರೂ ಆ ಕೆರೆಗೆ ಹೋಗಿ ಬನ್ನಿ. ಏರಿ, ತೂಬು, ಕೋಡಿ, ಜೊಂಡು ಬೆಳೆದ ಮೂಲೆ ಎಲ್ಲೆಲ್ಲಿವೆ ಎಂದು ನೋಡಿ ಒಂದು ಸರಳ ನಕ್ಷೆ ಬರೆದಿಟ್ಟುಕೊಂಡರೆ ಎಣಿಸುವ ದಿನ ಕೆರೆಯನ್ನು ಭಾಗಗಳಾಗಿ ಹಂಚಿಕೊಳ್ಳುವುದು ಸುಲಭ. ಗುಳುಮುಳುಕ, ಹಣೆಯ ಮೇಲೆ ಬಿಳಿ ಗುರುತಿರುವ ನಾಮದ ಕೋಳಿ, ನೀರುಕಾಗೆ, ಬೂದು ಬಕ, ಬಣ್ಣದ ಕೊಕ್ಕರೆ, ಟಿಟ್ಟಿಭ, ಸೂಜಿಬಾಲದ ಬಾತುಗಳಂಥ ಹಕ್ಕಿಗಳನ್ನು ಮೊದಲು ಕಲಿಯಿರಿ. ಬೆಳ್ಳಕ್ಕಿಗಳೆಲ್ಲ ಒಂದೇ ಎಂದು ಕಂಡರೂ, ಕಪ್ಪು ಕೊಕ್ಕು ಮತ್ತು ಹಳದಿ ಪಾದಗಳಿರುವುದು ಸಣ್ಣ ಬೆಳ್ಳಕ್ಕಿ ಎಂಬಂಥ ಲಕ್ಷಣಗಳನ್ನು ನೆನಪಿಟ್ಟುಕೊಂಡರೆ ಗೊಂದಲ ಬಹಳ ಕಡಿಮೆಯಾಗುತ್ತದೆ. ಬೈನಾಕ್ಯುಲರ್ ಕೊಳ್ಳುವುದಾದರೆ 8×42 (ಎಂಟು ಪಟ್ಟು ಹಿಗ್ಗಿಸಿ ತೋರಿಸುವ, 42 ಮಿ.ಮೀ. ಮಸೂರದ್ದು) ಸಾಕು. ಇಲ್ಲದವರು ಅದಕ್ಕಾಗಿ ಗಣತಿಯನ್ನು ಬಿಡಬೇಕಾಗಿಲ್ಲ, ತಂಡದಲ್ಲಿ ಬರೆಯುವ ಹೊಣೆ ಹೊರಬಹುದು.

ಎಣಿಸುವ ಬೆಳಿಗ್ಗೆ ಬೇಗ ತಲುಪಿ, ಸೂರ್ಯ ಬೆನ್ನ ಹಿಂದೆ ಇರುವಂತೆ ಪೂರ್ವದ ದಡದಿಂದ ಆರಂಭಿಸುವುದು ಒಳ್ಳೆಯದು. ಬಿಸಿಲಿಗೆ ಎದುರಾಗಿ ನಿಂತರೆ ಹಕ್ಕಿಗಳೆಲ್ಲ ಕರಿಯ ನೆರಳುಗಳಾಗಿ ಕಾಣುತ್ತವೆ. ಹಕ್ಕಿಗಳು ಕಡಿಮೆ ಇದ್ದಲ್ಲಿ ಒಂದೊಂದಾಗಿ ಎಣಿಸಿ. ಸಾವಿರಾರು ಬಾತುಗಳು ಒತ್ತೊತ್ತಾಗಿ ಕುಳಿತಿದ್ದರೆ ಮೊದಲು ಹಿಂಡಿನ ಒಂದು ಅಂಚಿನಲ್ಲಿ ಹತ್ತನ್ನೋ ಐವತ್ತನ್ನೋ ನಿಜವಾಗಿ ಎಣಿಸಿ, ಅಷ್ಟು ಹಕ್ಕಿಗಳು ಎಷ್ಟು ಜಾಗ ಹಿಡಿದಿವೆ ಎಂದು ಕಣ್ಣಿಗೆ ರೂಢಿಸಿಕೊಂಡು, ಅಂಥ ಭಾಗಗಳು ಇಡೀ ಹಿಂಡಿನಲ್ಲಿ ಎಷ್ಟಿವೆ ಎಂದು ಲೆಕ್ಕ ಹಾಕಬೇಕು. ಹಿಂಡು ಎಲ್ಲೆಡೆ ಒಂದೇ ಸಮನೆ ಒತ್ತಾಗಿರುವುದಿಲ್ಲವಾದ್ದರಿಂದ ತೆಳುವಾದ ಭಾಗಕ್ಕೆ ಬೇರೆಯೇ ಅಳತೆ ಬೇಕು. ಇಬ್ಬರು ಪ್ರತ್ಯೇಕವಾಗಿ ಎಣಿಸಿ ಹೋಲಿಸಿಕೊಂಡು, ಎರಡು ಅಂಕಿಗಳು ತೀರ ದೂರವಿದ್ದರೆ ಮತ್ತೊಮ್ಮೆ ಎಣಿಸುವುದು ಸರಿಯಾದ ಕ್ರಮ. ಗುಳುಮುಳುಕ ಆಗಾಗ ನೀರಿನಲ್ಲಿ ಮುಳುಗುವುದರಿಂದ ಒಂದೇ ನೋಟದ ಎಣಿಕೆ ಕಡಿಮೆ ಬರುತ್ತದೆ. ಅದಕ್ಕೆ ಕೆಲವು ನಿಮಿಷ ಕಾಯಿರಿ. ಹದ್ದು ಮೇಲೆ ಹಾರಿ ಹಿಂಡೆಲ್ಲ ಎದ್ದು ಮುಂದಿನ ಭಾಗಕ್ಕೆ ಹೋದರೆ, ಅವನ್ನು ಮತ್ತೆ ಎಣಿಸದಂತೆ ಮುಂದಿನ ಭಾಗದವರಿಗೆ ಕೂಡಲೇ ತಿಳಿಸಬೇಕು. ಪಟ್ಟೆತಲೆ ಹೆಬ್ಬಾತುಗಳು ಮೇಯಲು ಸುತ್ತಲಿನ ಹೊಲಗಳಿಗೆ ಹೋಗಿಬರುವುದರಿಂದ ಅವು ಕೆರೆಯಲ್ಲಿ ಸೇರುವ ಹೊತ್ತನ್ನು ಅಲ್ಲಿನ ರೈತರಿಂದಲೇ ಕೇಳಿ ತಿಳಿಯಿರಿ. ಮಂಗೋಲಿಯಾದಲ್ಲಿ ಕತ್ತಿಗೆ ಗುರುತಿನ ಪಟ್ಟಿ ತೊಡಿಸಿದ ಹೆಬ್ಬಾತುಗಳು ನಮ್ಮ ಕೆರೆಗಳಲ್ಲಿ ಕಂಡಿದ್ದುಂಟು, ಅಂಥದ್ದು ಸಿಕ್ಕರೆ ಪಟ್ಟಿಯ ಬಣ್ಣ ಮತ್ತು ಅದರ ಮೇಲಿನ ಅಕ್ಷರ, ಅಂಕಿಗಳನ್ನು ಬರೆದುಕೊಳ್ಳಿ.

ಗುರುತು ಸಿಗದ ಬಾತನ್ನು ಊಹಿಸಿ ಯಾವುದೋ ಹೆಸರಿಗೆ ಸೇರಿಸಬೇಡಿ, ‘ಗುರುತಿಸಲಾಗದ ಬಾತು’ ಎಂದೇ ಸಂಖ್ಯೆ ನಮೂದಿಸಿ. ಕೆರೆ ಬತ್ತಿ ಒಂದು ಹಕ್ಕಿಯೂ ಇಲ್ಲದಿದ್ದರೆ ಸೊನ್ನೆ ಎಂದು ಬರೆದು ಕಳುಹಿಸುವುದು ಬಹಳ ಮುಖ್ಯ, ಏಕೆಂದರೆ ಖಾಲಿ ಕೆರೆಯ ವರದಿ ಬಾರದಿದ್ದರೆ ಅಲ್ಲಿಗೆ ಯಾರೂ ಹೋಗಲೇ ಇಲ್ಲವೋ, ಹಕ್ಕಿಗಳೇ ಬರಲಿಲ್ಲವೋ ತಿಳಿಯುವುದಿಲ್ಲ. ಜೊತೆಗೆ ನೀರಿನ ಮಟ್ಟ, ಮೀನುಗಾರಿಕೆ, ಕಸ ಸುರಿದಿರುವುದು, ಕೊಳಚೆ ನೀರು ಸೇರುತ್ತಿರುವುದು ಇವನ್ನೂ ಗಣತಿಯ ನಮೂನೆಯಲ್ಲಿ ತುಂಬಬೇಕು. ಫೋಟೋಕ್ಕಾಗಿ ಹಿಂಡಿನತ್ತ ನಡೆದು ಹಕ್ಕಿಗಳನ್ನು ಎಬ್ಬಿಸಬೇಡಿ. ಎಣಿಕೆ ಕೆಡುವುದಲ್ಲದೆ, ದೂರದಿಂದ ಬಂದು ಮೇದು ವಿಶ್ರಮಿಸಬೇಕಾದ ಹಕ್ಕಿಗಳ ಶಕ್ತಿಯೂ ವ್ಯರ್ಥವಾಗುತ್ತದೆ.

ಟಿಪ್ಪಣಿ ಪುಸ್ತಕದ ಅಂಕಿಗಳನ್ನು ಅದೇ ಸಂಜೆ, ನೆನಪು ಹಸಿಯಾಗಿರುವಾಗಲೇ, ಕೆರೆಯ ಹೆಸರು, ಆರಂಭಿಸಿದ ಮತ್ತು ಮುಗಿಸಿದ ಸಮಯ, ಎಣಿಸಿದವರ ಸಂಖ್ಯೆಯ ಸಮೇತ ಸಂಯೋಜಕರಿಗೆ ಕಳುಹಿಸಿ. ಹಕ್ಕಿಗಳ ಪಟ್ಟಿಯನ್ನು ದಾಖಲಿಸುವ ಆನ್‌ಲೈನ್ ತಾಣವಾದ ಇ-ಬರ್ಡ್ ಅನ್ನು ತಂಡವು ಬಳಸುತ್ತಿದ್ದರೆ ಒಬ್ಬರು ಸಿದ್ಧಪಡಿಸಿದ ಪಟ್ಟಿಯನ್ನು ಉಳಿದವರೊಂದಿಗೆ ಹಂಚಿಕೊಂಡರೆ ಸಾಕು. ಫೆಬ್ರವರಿಯಲ್ಲಿ ನಾಲ್ಕು ದಿನ ನಡೆಯುವ ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್ ಎಂಬ ಹಕ್ಕಿ ಎಣಿಕೆಯಲ್ಲಿ ಕನಿಷ್ಠ 15 ನಿಮಿಷ ಒಂದೆಡೆ ನೋಡಿ ಪಟ್ಟಿ ಕಳುಹಿಸಿದರೂ ಸಾಕಾಗುವುದರಿಂದ, ಜನವರಿಯಲ್ಲಿ ಕಲಿತದ್ದನ್ನು ಮನೆಯ ಹಿತ್ತಲಿನಲ್ಲೋ ಶಾಲೆಯ ಅಂಗಳದಲ್ಲೋ ಅಭ್ಯಾಸ ಮಾಡಲು ಅದು ಅನುಕೂಲವಾದ ಸಂದರ್ಭ.