ನಾಲ್ಕು ಸೆಟ್ ಚೆಂಡು: ತೂಗಿದ್ದು, ಅಳೆದಿದ್ದು, ಉರುಳಿಸಿದ್ದು

ಹುಬ್ಬಳ್ಳಿಯಲ್ಲಿ ನನ್ನದೊಂದು ಚಿಕ್ಕ ಸ್ನೂಕರ್ ಪಾರ್ಲರ್ ಇದೆ. ಎರಡು ಸ್ನೂಕರ್ ಟೇಬಲ್, ಒಂದು ಪೂಲ್ ಟೇಬಲ್. ಅದಕ್ಕೂ ಮುಂಚೆ ಬೆಂಗಳೂರಿನ ಒಂದು ಕ್ಲಬ್ಬಿನಲ್ಲಿ 11 ವರ್ಷ ಮಾರ್ಕರ್ ಆಗಿದ್ದೆ. ಚೆಂಡು ಒರೆಸುವುದು, ಸ್ಪಾಟ್ ಮೇಲೆ ಇಡುವುದು, ಸ್ಕೋರ್ ಹೇಳುವುದು, ಇದೇ ಕೆಲಸ. ಚೆಂಡನ್ನು ಅಷ್ಟು ವರ್ಷ ಕೈಯಲ್ಲಿ ಹಿಡಿದಿದ್ದರೂ ಅದನ್ನು ಸರಿಯಾಗಿ ಪರೀಕ್ಷೆ ಮಾಡಿ ನೋಡಿದ್ದು ಸ್ವಂತ ದುಡ್ಡು ಹಾಕಿದ ಮೇಲೆಯೇ.

ಕಳೆದ ಮಳೆಗಾಲದ ಒಂದು ಸಂಜೆ. ಎಂಜಿನಿಯರಿಂಗ್ ಓದುವ ಹುಡುಗನೊಬ್ಬ ಎರಡನೇ ಟೇಬಲ್‌ನಲ್ಲಿ ಪಿಂಕ್ ಅನ್ನು ನಡುವಿನ ಪಾಕೆಟ್‌ಗೆ ಮೆಲ್ಲಗೆ ಕಳಿಸಿದ. ಏಟು ಸರಿಯಾಗೇ ಇತ್ತು, ನಾನೇ ನೋಡುತ್ತಿದ್ದೆ. ಚೆಂಡಿನ ವೇಗ ಸಾಯುತ್ತಾ ಬಂತು. ಇನ್ನೊಂದು ಗೇಣು ಇದೆ ಅನ್ನುವಾಗ ಎಡಕ್ಕೆ ಬಾಗಿ ಪಾಕೆಟ್‌ನ ಅಂಚಿಗೆ ತಾಗಿ ನಿಂತುಬಿಟ್ಟಿತು. “ಅಣ್ಣಾ, ನಿಮ್ಮ ಟೇಬಲ್ ಎಡಕ್ಕ ವಾಲೇತಿ ನೋಡ್ರಿ” ಅಂದ.

ಮರುದಿನವೇ ಫಿಟ್ಟರ್ ಬಂದ. ಲೆವೆಲ್ ಇಟ್ಟು ಉದ್ದಕ್ಕೂ ಅಡ್ಡಕ್ಕೂ ನೋಡಿದ. ಗುಳ್ಳೆ ನಡುವೆಯೇ ನಿಂತಿತ್ತು. ಆದರೂ ಒಂದು ಕಾಲನ್ನು ಕೂದಲೆಳೆಯಷ್ಟು ತಿರುಗಿಸಿ ಹೋದ. ಒಂದು ವಾರದಲ್ಲಿ ಇನ್ನೊಬ್ಬರು ಅದೇ ಟೇಬಲ್ ಬಲಕ್ಕೆ ವಾಲಿದೆ ಅಂದರು. ಒಂದೇ ಟೇಬಲ್ ಎರಡೂ ಕಡೆ ವಾಲಲು ಹೇಗೆ ಸಾಧ್ಯ? ಆಗ ನನಗೆ ಚೆಂಡಿನ ಮೇಲೆ ಅನುಮಾನ ಬಂತು.

ನನ್ನ ಹತ್ತಿರ ಇದ್ದದ್ದು ಮೂರು ಸೆಟ್. ಮೊದಲ ಟೇಬಲ್‌ನಲ್ಲಿ ನಾಲ್ಕು ವರ್ಷ ಆಡಿದ, ಅರಾಮಿತ್ ಬ್ರಾಂಡಿನ ಪ್ರೀಮಿಯರ್ ಸೆಟ್. ಎರಡನೇ ಟೇಬಲ್‌ನಲ್ಲಿ ಎಂಟು ತಿಂಗಳ ಹಿಂದೆ ಕಡಿಮೆ ಬೆಲೆಗೆ ತಂದ ಪಾಲಿಯೆಸ್ಟರ್ ಪ್ಲಾಸ್ಟಿಕ್ಕಿನ ಸೆಟ್. ಅದರ ಹೆಸರು ಇಲ್ಲಿ ಬೇಡ. ಪೂಲ್ ಟೇಬಲ್‌ಗೆ ಡೈನಾಸ್ಫಿಯರ್ಸ್ ಬ್ರಾಂಡಿನ ಸೆಟ್. ನಾಲ್ಕನೆಯದು ಅರಾಮಿತ್ ಟೂರ್ನಮೆಂಟ್ ಚಾಂಪಿಯನ್ 1ಜಿ. ಅದನ್ನು ನನ್ನ ಹಳೆಯ ಮಾರ್ಕರ್ ಗೆಳೆಯ ಬೆಂಗಳೂರಿನಿಂದ ಎರಡು ವಾರದ ಮಟ್ಟಿಗೆ ತಂದುಕೊಟ್ಟ. ಮಗುವನ್ನು ಒಪ್ಪಿಸಿದ ಹಾಗೆ ಒಪ್ಪಿಸಿ ಹೋದ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಅಂಗಡಿಯಲ್ಲಿ ಹೆಸರು ಹತ್ತಾರು ಕಾಣುತ್ತವೆ. ತಯಾರಿಸುವವರು ಅಷ್ಟು ಜನ ಇಲ್ಲ. ಅರಾಮಿತ್ ಚೆಂಡು ಬೆಲ್ಜಿಯಂನ ಸಲುಕ್ ಕಾರ್ಖಾನೆಯದು. ಅಮೆರಿಕದ ಬ್ರನ್ಸ್‌ವಿಕ್ ಸೆಂಟೆನಿಯಲ್ ಪೂಲ್ ಚೆಂಡುಗಳು ತಯಾರಾಗುವುದೂ ಅಲ್ಲೇ. ಹಾಗಾಗಿ ಡಬ್ಬಿ ಮೇಲಿನ ಹೆಸರಿಗಿಂತ ಮುಂಚೆ ನಾನು ಕೇಳುವುದು ಇದು ಫೆನಾಲಿಕ್ ರೆಸಿನ್ ಅನ್ನುವ ಗಟ್ಟಿ ಪ್ಲಾಸ್ಟಿಕ್ಕೋ ಪಾಲಿಯೆಸ್ಟರೋ ಅಂತ. ಅರಾಮಿತ್ ಫೆನಾಲಿಕ್.

ಅಳೆಯುವ ಮುಂಚೆ ಎಲ್ಲವನ್ನೂ ಒಂದೇ ಥರ ತೊಳೆದೆ. ಉಗುರು ಬೆಚ್ಚಗಿನ ನೀರು, ಒಂದು ಹನಿ ಸೌಮ್ಯವಾದ ಸೋಪು, ಮೆತ್ತನೆ ಬಟ್ಟೆ. ಇದನ್ನು ಬಿಟ್ಟರೆ ಹೋಲಿಕೆಗೆ ಅರ್ಥವೇ ಇಲ್ಲ. ಚಾಕ್ ಪುಡಿ ಕೂತ ಚೆಂಡು ಒಂದಕ್ಕೊಂದು ತಾಗಿದಾಗ ಕ್ಷಣಕಾಲ ಅಂಟಿದ ಹಾಗಾಗುತ್ತದೆ, ಇದಕ್ಕೇ ಕಿಕ್ ಅನ್ನುವುದು, ಕೋನ ಕೆಡುತ್ತದೆ. ಆಗ ನಾವು ಬೈಯುವುದು ಕಂಪನಿಯನ್ನು, ತಪ್ಪು ಕೊಳೆಯದ್ದು. ಕಾರ್ ಪಾಲಿಶ್ ಹಾಕಿ ಮಿಂಚಿಸುವವರೂ ಇದ್ದಾರೆ. ದಯವಿಟ್ಟು ಹಾಕಬೇಡಿ. ಎರಡು ದಿನ ಜಾರುತ್ತದೆ, ಮೂರನೇ ದಿನ ಆ ಜಿಡ್ಡಿಗೇ ದೂಳು ಕೂರುತ್ತದೆ.

ತೂಕಕ್ಕೆ ನಮ್ಮ ಓಣಿಯ ಬಂಗಾರದ ಅಂಗಡಿಯವರ ತಕ್ಕಡಿ ಸಿಕ್ಕಿತು. ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತಲ್ಲಿ ಬಾ ಅಂದರು. ಸ್ನೂಕರ್ ನಿಯಮ ಇಷ್ಟೇ: ಒಂದು ಸೆಟ್‌ನ 22 ಚೆಂಡುಗಳ ತೂಕದಲ್ಲಿ 3 ಗ್ರಾಂ ಒಳಗಿನ ವ್ಯತ್ಯಾಸ ನಡೆಯುತ್ತದೆ. ಅಡ್ಡಳತೆ 52.5 ಮಿ.ಮೀ. ಇರಬೇಕು, ಆಚೆ ಈಚೆ 0.05 ಮಿ.ಮೀ. ಅಷ್ಟೇ. 1ಜಿ ಅನ್ನುವ ಹೆಸರೇ 1 ಗ್ರಾಂ ಒಳಗೆ ಹೊಂದಿಸಿದ ಸೆಟ್ ಅಂತ ಹೇಳುತ್ತದೆ. ತೂಗಿದೆ. ಅತಿ ಭಾರದ್ದಕ್ಕೂ ಅತಿ ಹಗುರದ್ದಕ್ಕೂ 0.7 ಗ್ರಾಂ ಅಂತರ. ಮಾತು ಉಳಿಸಿಕೊಂಡಿತ್ತು. ನನ್ನ ಹಳೆಯ ಪ್ರೀಮಿಯರ್‌ನಲ್ಲಿ 2.2 ಗ್ರಾಂ. ಅಗ್ಗದ ಸೆಟ್‌ನಲ್ಲಿ 4.6 ಗ್ರಾಂ, ಎಲ್ಲಕ್ಕಿಂತ ಭಾರ ಬ್ರೌನ್. ಅಂಗಡಿಯವರು ಕನ್ನಡಕ ಏರಿಸಿ, “ಬಂಗಾರದಾಗ ಇಷ್ಟು ಫರಕ್ ಬಂದ್ರ ಅಂಗಡಿ ಮುಚ್ಚಬೇಕಾಗ್ತದ” ಅಂದರು.

ಅಡ್ಡಳತೆಗೆ ಗೋಕುಲ ರೋಡ್ ಕಡೆಯ ಒಂದು ಲೇಥ್ ವರ್ಕ್‌ಶಾಪ್‌ಗೆ ಹೋದೆ. ವರ್ನಿಯರ್ ಸಾಲುವುದಿಲ್ಲ, 50ರಿಂದ 75 ಮಿ.ಮೀ. ಅಳೆಯುವ ಮೈಕ್ರೋಮೀಟರೇ ಬೇಕು ಅಂತ ಅಲ್ಲಿನ ಮೇಸ್ತ್ರಿ ಹೇಳಿದರು. ಚೆಂಡುಗಳನ್ನು ರಾತ್ರಿಯೇ ಅಲ್ಲಿ ಇಟ್ಟು ಬಂದೆ, ಎಲ್ಲವೂ ಒಂದೇ ಬಿಸಿಗೆ ಬರಲಿ ಅಂತ. ಬೆಳಿಗ್ಗೆ ಒಂದೊಂದನ್ನೂ ಮೂರು ದಿಕ್ಕಿನಲ್ಲಿ ಅಳೆದೆವು. ಮೂರು ಅಳತೆ ಬೇರೆ ಬೇರೆ ಬಂದರೆ ಚೆಂಡು ಗುಂಡಗಿಲ್ಲ ಅಂತ ಅರ್ಥ. ಅಗ್ಗದ ಸೆಟ್‌ನಲ್ಲಿ 52.38ರಿಂದ 52.61ರ ತನಕ ಎಲ್ಲ ಸಂಖ್ಯೆಯೂ ಬಂತು.

ನನಗೆ ನಿಜವಾಗಿ ಬೇಸರ ತಂದದ್ದು ನನ್ನ ಸ್ವಂತ ಪ್ರೀಮಿಯರ್ ಸೆಟ್‌ನ ವೈಟ್, ಅಂದರೆ ಕೋಲಿನಿಂದ ಹೊಡೆಯುವ ಬಿಳಿ ಚೆಂಡು. ರೆಡ್‌ಗಳು 52.46ರ ಆಸುಪಾಸಿನಲ್ಲಿದ್ದವು. ವೈಟ್ ಮಾತ್ರ 52.28. ಯೋಚನೆ ಮಾಡಿದರೆ ಸಹಜವೇ. ಪ್ರತಿ ಏಟಿಗೂ ಓಡುವುದು ವೈಟ್ ಒಂದೇ, ಸವೆಯುವುದೂ ಅದೇ. ತೂಕದಲ್ಲಿ ಅದು ರೆಡ್‌ಗಿಂತ ಸುಮಾರು 1.4 ಗ್ರಾಂ ಕಡಿಮೆ. ತೂಕದ ನಿಯಮ ಮಾತ್ರ ನೋಡಿದ್ದರೆ ಆ ಸೆಟ್ ಪಾಸ್. ಅಳತೆಯಲ್ಲಿ ಫೇಲ್. ಇನ್ನೂ ಎರಡು ರೆಡ್‌ಗಳು ಉಳಿದ ಹದಿಮೂರರ ಜೊತೆ ಹೊಂದಲಿಲ್ಲ. ಆಮೇಲೆ ನೆನಪಾಯಿತು, ಎರಡು ಕಳೆದುಹೋದಾಗ ಬಿಡಿ ಚೆಂಡು ತಂದು ಸೇರಿಸಿದ್ದೆ. ಒಂದು ಸೆಟ್ ಅಂದರೆ ಒಟ್ಟಿಗೆ ಹೊಂದಿಸಿ ಕಳಿಸಿದ 22 ಚೆಂಡು. ಒಳ್ಳೆಯ ಬ್ರಾಂಡ್ ತಂದು, ಮಧ್ಯದಲ್ಲಿ ಬಿಡಿ ಚೆಂಡು ತುರುಕಿ, ಆ ಹೊಂದಿಕೆಯನ್ನು ನಾನೇ ಕೆಡಿಸಿದ್ದೆ. ನಮ್ಮ ಕಡೆ ಎಷ್ಟೋ ಪಾರ್ಲರ್‌ಗಳಲ್ಲಿ ಆಗುತ್ತಿರುವುದು ಇದೇ.

ಇನ್ನು ಪಿಂಕ್ ವಿಷಯ. ಚೆಂಡಿನ ಭಾರ ನಡುವಿನಲ್ಲಿಲ್ಲ ಅಂತ ಅನುಮಾನ ಬಂದರೆ ತಿಳಿಯುವುದು ಹೇಗೆ? ಗಾಲ್ಫ್ ಆಡುವವರು ಉಪ್ಪುನೀರಲ್ಲಿ ಚೆಂಡು ತೇಲಿಸಿ ನೋಡುತ್ತಾರೆ. ಭಾರದ ಕಡೆ ಕೆಳಗೆ ತಿರುಗುತ್ತದೆ. ನಾನೂ ಬಕೆಟ್‌ನಲ್ಲಿ ಉಪ್ಪು ಕರಗುವಷ್ಟು ಕರಗಿಸಿದೆ. ಎಲ್ಲ ಚೆಂಡೂ ತಳಕ್ಕೆ ಹೋದವು. ಬಿಲಿಯರ್ಡ್ಸ್ ಚೆಂಡು ಅದಕ್ಕಿಂತ ಎಷ್ಟೋ ದಟ್ಟ. ಆಮೇಲೆ ದಪ್ಪ ಗಾಜಿನ ಹಲಗೆಯನ್ನು ಲೆವೆಲ್ ಮಾಡಿಟ್ಟು, ಒಂದೊಂದು ಚೆಂಡನ್ನೂ ಅದರ ಮೇಲೆ ಮೆಲ್ಲಗೆ ಬಿಟ್ಟೆ. ಒಳ್ಳೆಯ ಚೆಂಡು ಎಲ್ಲಿ ಬೇಕಾದರೂ ನಿಲ್ಲುತ್ತದೆ. ಅಗ್ಗದ ಸೆಟ್‌ನ ಪಿಂಕ್ ಮಾತ್ರ ಹಿಂದೆ ಮುಂದೆ ತೂಗಿ, ಪ್ರತಿ ಸಲ ಅದೇ ಮೈ ಕೆಳಗೆ ಮಾಡಿ ನಿಂತಿತು. ಆ ಜಾಗಕ್ಕೆ ಪೆನ್ಸಿಲ್‌ನಿಂದ ಚುಕ್ಕೆ ಇಟ್ಟೆ.

ಮುಂದೆ ಒಂದು ಅಲ್ಯೂಮಿನಿಯಂ ಚಾನಲ್ ತುಂಡನ್ನು ಓರೆಯಾಗಿ ಇಟ್ಟು ಜಾರುಬಂಡಿ ಮಾಡಿದೆ. ಅದನ್ನು ಬಾಲ್ಕ್ ಲೈನ್ ಮೇಲೆ, ಅಂದರೆ ಟೇಬಲ್‌ನ ಒಂದು ತುದಿ ಕಡೆ ಅಡ್ಡ ಎಳೆದ ಗೆರೆಯ ಮೇಲೆ ಇಟ್ಟರೆ ಚೆಂಡು ಪ್ರತಿ ಸಲ ಒಂದೇ ವೇಗದಲ್ಲಿ, ಒಂದೇ ದಿಕ್ಕಿನಲ್ಲಿ ಹೊರಡುತ್ತದೆ. ಕೈ ಅಲುಗುವ ಮಾತೇ ಇಲ್ಲ. ಚುಕ್ಕೆ ಎಡಮೈಗೆ ಬರುವ ಹಾಗೆ ಇಟ್ಟು ಹತ್ತು ಸಲ ಉರುಳಿಸಿದೆ. ಚುಕ್ಕೆ ಬಲಮೈಗೆ ಇಟ್ಟು ಹತ್ತು ಸಲ. ಚೆಂಡು ಯಾವಾಗಲೂ ಒಂದೇ ಕಡೆ ಬಾಗಿದರೆ ತಪ್ಪು ಟೇಬಲ್‌ದು. ಚುಕ್ಕೆ ಇದ್ದ ಕಡೆಗೆ ಬಾಗಿದರೆ ತಪ್ಪು ಚೆಂಡಿನದು. ಪಿಂಕ್ ಎಡಚುಕ್ಕೆಗೆ ಎಡಕ್ಕೆ, ಬಲಚುಕ್ಕೆಗೆ ಬಲಕ್ಕೆ ಹೋಯಿತು. ಕೊನೆಯ ಒಂದೆರಡು ಅಡಿಯಲ್ಲಿ ಮಾತ್ರ. ವೇಗ ಇದ್ದಾಗ ಏನೂ ಗೊತ್ತಾಗುವುದಿಲ್ಲ. ಅದಕ್ಕೇ ಜೋರಾಗಿ ಹೊಡೆಯುವ ಹುಡುಗರು ಯಾರೂ ಎಂಟು ತಿಂಗಳು ದೂರು ಹೇಳಿರಲಿಲ್ಲ. ಆ ರಾತ್ರಿ ಪಾರ್ಲರ್ ಮುಚ್ಚಿದ ಮೇಲೆ ಒಬ್ಬನೇ ಕೂತು ಆ ಪಿಂಕ್ ಅನ್ನು ಎಷ್ಟು ಸಲ ಉರುಳಿಸಿದೆನೋ ಲೆಕ್ಕವಿಲ್ಲ. ಕಾಲು ತಿರುಗಿಸಿ ಹೋದ ಫಿಟ್ಟರ್‌ನನ್ನು ಮತ್ತೆ ಕರೆಸಿ ಟೇಬಲ್ ಮೊದಲಿನ ಹಾಗೆ ಮಾಡಿಸಿದೆ.

ಎರಡೂ ಅರಾಮಿತ್ ಸೆಟ್‌ಗಳನ್ನು ಇದೇ ರೀತಿ ಉರುಳಿಸಿದೆ. ಇಲ್ಲಿ ನನಗೇ ಅಚ್ಚರಿ. ಹೊಸ 1ಜಿ ಚೆಂಡುಗಳು, ನಾಲ್ಕು ವರ್ಷದ ಪ್ರೀಮಿಯರ್ ರೆಡ್‌ಗಳು, ಎರಡೂ ನಾಲ್ಕು ಬೆರಳಿನ ಅಂತರದೊಳಗೇ ನಿಂತವು. ಉರುಳುವುದರಲ್ಲಿ ನನಗೆ ವ್ಯತ್ಯಾಸ ಹಿಡಿಯಲು ಆಗಲಿಲ್ಲ.

ಆಟದಲ್ಲಿ ತೂಕ ತಿಳಿಯುವುದು ಸ್ಟನ್ ಹೊಡೆತದಲ್ಲಿ. ನೇರ, ಪೂರ್ತಿ ಚೆಂಡಿಗೆ ಹೊಡೆದಾಗ ವೈಟ್ ಅಲ್ಲೇ ನಿಲ್ಲಬೇಕು. ವೈಟ್ ಭಾರವಾದರೆ ತುಸು ಮುಂದೆ ಸರಿಯುತ್ತದೆ, ಹಗುರಾದರೆ ಹಿಂದೆ ಜಗ್ಗುತ್ತದೆ. ಅಗ್ಗದ ಸೆಟ್‌ನಲ್ಲಿ ರೆಡ್‌ಗೆ ಹೊಡೆದರೆ ಒಂದು ಥರ, ಬ್ರೌನ್‌ಗೆ ಹೊಡೆದರೆ ಇನ್ನೊಂದು ಥರ. ಕಲಿಯುವ ಹುಡುಗ ತನ್ನ ಕೈ ಸರಿಯಿಲ್ಲ ಅಂದುಕೊಳ್ಳುತ್ತಾನೆ, ಅಲ್ವಾ? ನನಗೆ ಸಿಟ್ಟು ಬಂದದ್ದು ಅದಕ್ಕೇ. ದುಡ್ಡು ಹೋಗಿದ್ದಕ್ಕೆ ಅಷ್ಟು ಬರಲಿಲ್ಲ.

ಬೆಂಗಳೂರಿನ ಕ್ಲಬ್ಬಿನಲ್ಲಿ ಇಂಗ್ಲಿಷ್ ಬಿಲಿಯರ್ಡ್ಸ್ ಆಡುವ ಹಿರಿಯರು ಮೂರು ಚೆಂಡನ್ನೂ ಅಂಗೈಯಲ್ಲಿ ಆಡಿಸಿ, ಬೇಡ ಅನ್ನಿಸಿದರೆ ಬದಲಿಸಲು ಹೇಳುತ್ತಿದ್ದರು. ಹಿಂದಿನ ಸೂಪರ್ ಕ್ರಿಸ್ಟಲೇಟ್ ಚೆಂಡು ಇದಕ್ಕಿಂತ ಭಾರ ಇತ್ತು, ಹೊಡೆತವೇ ಬೇರೆ ಇತ್ತು ಅಂತ ನೆನೆಯುತ್ತಿದ್ದರು. ಹಿರಿಯರ ಖಯಾಲಿ ಅಂದುಕೊಳ್ಳುತ್ತಿದ್ದೆ. ಮೆಲ್ಲಗೆ ತಾಗಿಸಿ ತಾಗಿಸಿ ಕ್ಯಾನನ್ ಮಾಡುವ, ಅಂದರೆ ಒಂದೇ ಏಟಿಗೆ ಉಳಿದ ಎರಡೂ ಚೆಂಡಿಗೆ ತಾಗಿಸುವ ಆಟ ಅದು. ಚೆಂಡಿನ ಚಿಕ್ಕ ದೋಷವೂ ಅಲ್ಲಿ ಎದ್ದು ಕಾಣುತ್ತದೆ. ಅವರು ಹೇಳುತ್ತಿದ್ದದ್ದು ಸರಿ.

ಪೂಲ್ ಟೇಬಲ್‌ನ ಡೈನಾಸ್ಫಿಯರ್ಸ್ ಕೂಡ ಫೆನಾಲಿಕ್ಕೇ. ಪೂಲ್ ಚೆಂಡು ದೊಡ್ಡದು, 57.15 ಮಿ.ಮೀ. ನನ್ನ 16 ಚೆಂಡುಗಳೂ ಮೈಕ್ರೋಮೀಟರ್‌ನಲ್ಲಿ ಚೆನ್ನಾಗಿಯೇ ಬಂದವು. ಗಾಜಿನ ಮೇಲೂ ಒಂದೂ ತಕರಾರು ಮಾಡಲಿಲ್ಲ. ನನಗೆ ಸಿಕ್ಕ ಸೆಟ್ ಮಟ್ಟಿಗೆ ಹೇಳುವುದಾದರೆ ಅರಾಮಿತ್ ಪಕ್ಕದಲ್ಲಿ ಇಡಬಹುದಾದ ಚೆಂಡು.

ಬಣ್ಣ, ಸದ್ದು ಇವಕ್ಕೆ ನಾನು ಜಾಸ್ತಿ ಬೆಲೆ ಕೊಡುವುದಿಲ್ಲ. ಮೈ ಮಾತ್ರ ನೋಡಿ. ಟ್ಯೂಬ್‌ಲೈಟ್ ಕೆಳಗೆ ಚೆಂಡನ್ನು ತಿರುಗಿಸಿದರೆ ಪ್ರೀಮಿಯರ್ ನಾಲ್ಕು ವರ್ಷದ ಮೇಲೂ ಕನ್ನಡಿಯಂತೆ ಬೆಳಕು ತೋರಿಸುತ್ತದೆ. ಪಾಲಿಯೆಸ್ಟರ್ ಎಂಟೇ ತಿಂಗಳಿಗೆ ಮಂಕಾಗಿ, ಗೆರೆ ಬಿದ್ದಿತ್ತು. ಜೋರಾಗಿ ಹೊಡೆದ ವೈಟ್ ಮೊದಲು ಬಟ್ಟೆ ಮೇಲೆ ಜಾರಿ, ಆಮೇಲೆ ಉರುಳಲು ಶುರು ಮಾಡುತ್ತದೆ. ಆ ಜಾರುವಿಕೆಯಲ್ಲಿ ಬಿಸಿ ಹುಟ್ಟುತ್ತದೆ. ಫೆನಾಲಿಕ್ ಅದನ್ನು ತಡೆದುಕೊಳ್ಳುತ್ತದೆ, ಪಾಲಿಯೆಸ್ಟರ್ ಅಷ್ಟು ತಡೆಯುವುದಿಲ್ಲ. ಗೆರೆ ಬಿದ್ದ ಚೆಂಡು ಬಟ್ಟೆಯನ್ನೂ ತಿನ್ನುತ್ತದೆ. ಎರಡನೇ ಟೇಬಲ್‌ನ ಬಟ್ಟೆ ಮೊದಲನೆಯದಕ್ಕಿಂತ ಹೊಸದು, ಆದರೂ ಬೇಗ ಜೂಲು ಎದ್ದಿದೆ.

ನನ್ನಂಥ ಪಾರ್ಲರ್‌ಗೆ 1ಜಿ ಬೇಕೇ? ನಾನು ತಗೊಳ್ಳಲಿಲ್ಲ. ರಾಜ್ಯಮಟ್ಟದ ಆಟಕ್ಕೆ ತಯಾರಾಗುವವರು ಇದ್ದರೆ ಬೇಕು. ದಿನವಿಡೀ ಹತ್ತು ಕೈ ಬದಲಾಗುವ ಟೇಬಲ್‌ನಲ್ಲಿ ಆ ಒಂದು ಗ್ರಾಮಿನ ಹೊಂದಿಕೆ ವೈಟ್ ಸವೆಯುವ ತನಕ ಮಾತ್ರ ಉಳಿಯುತ್ತದೆ. ಉಳಿಸಿದ ದುಡ್ಡಲ್ಲಿ ಎರಡನೇ ಟೇಬಲ್‌ಗೂ ಒಂದು ಪ್ರೀಮಿಯರ್ ಸೆಟ್ ತಂದೆ. ಹಳೆಯ ಸೆಟ್‌ಗೆ ಅದೇ ತಯಾರಿಕೆಯ ಹೊಸ ವೈಟ್ ಹಾಕಿದೆ. ಹೊಂದದ ಆ ಎರಡು ರೆಡ್‌ಗಳನ್ನು ತೆಗೆದೆ. ಸರಿಹೊಂದುವ ಜೋಡಿ ಸಿಗುವ ತನಕ ಆ ಟೇಬಲ್‌ನಲ್ಲಿ 13 ರೆಡ್‌ನಲ್ಲೇ ಆಟ. ಬಂದವರಿಗೆ ಕಾರಣ ಹೇಳುತ್ತೇನೆ, ಒಪ್ಪುತ್ತಾರೆ.

ಹೊಸ ವೈಟ್ 52.50 ಬಂತು, ರೆಡ್‌ಗಳಿಗಿಂತ ಕೂದಲೆಳೆ ದೊಡ್ಡದು. ತಾರೀಕು ಹಾಕಿ ನೋಟ್‌ಬುಕ್‌ನಲ್ಲಿ ಬರೆದಿಟ್ಟಿದ್ದೇನೆ. ಯುಗಾದಿಗೆ ಒಮ್ಮೆ, ದೀಪಾವಳಿಗೆ ಒಮ್ಮೆ ಅಳೆಯುವುದು ಅಂತ ಗೊತ್ತು ಮಾಡಿಕೊಂಡಿದ್ದೇನೆ. ವಾಲುವ ಪಿಂಕ್ ಇನ್ನೂ ಕೌಂಟರ್‌ನಲ್ಲೇ ಇದೆ, ಪೆನ್ಸಿಲ್ ಚುಕ್ಕೆ ಸಮೇತ. ಆ ಎಂಜಿನಿಯರಿಂಗ್ ಹುಡುಗ ಬಂದಾಗ ಜಾರುಬಂಡಿ ಮೇಲಿಟ್ಟು ತೋರಿಸಿದೆ. ಎರಡು ಕಡೆಯೂ ಬಾಗಿದ್ದನ್ನು ನೋಡಿ ಸ್ವಲ್ಪ ಹೊತ್ತು ಸುಮ್ನೆ ನಿಂತ. “ಹಂಗಾರ ಅವತ್ತು ನನ್ನ ಏಟು ಸರಿ ಇತ್ತಲ್ರಿ ಅಣ್ಣಾ” ಅಂದ. ಹೌದಪ್ಪಾ, ಸರಿಯಾಗೇ ಇತ್ತು ಅಂದೆ.